ಊಟಕ್ಕೆ ಕರೆದು ಎಲೆ ಎತ್ತಿದವರು

ಬನ್ನಿ ಹಂಚಿ ಬಂಗಾರದಂಥ ಮಾತನಾಡಬೇಕಾದ ಸಮಯದಲ್ಲಿ ಹೊಟ್ಟೆಯುರಿ ಬರೆಯಲು ಕುಳಿತಿದ್ದೇನೆ, ಕ್ಷಮಿಸಿ. ನಿನ್ನೆ, 2020ರ ಅಕ್ಟೋಬರ್ 26, ವಿಜಯದಶಮಿ. ಸಂಜೆ ಒಬ್ಬಟ್ಟು ಬೇಯಿಸುತ್ತಾ ಮೊಬೈಲಿನಲ್ಲಿ ಜಂಬೂಸವಾರಿ ಹಾಕಿಕೊಂಡಿದ್ದೆ. ಕೊರೊನಾ ಕಾರಣ ಈ ವರ್ಷ ಅರಮನೆಯ ಆವರಣದೊಳಗೇ ಮುಗಿಸಿಬಿಟ್ಟರು, ಪಾಪ ಅಭಿಮನ್ಯು ಅಂಬಾರಿ ಹೊತ್ತು ನಾಲ್ಕು ಹೆಜ್ಜೆ ಹಾಕಿದ್ದಷ್ಟೇ. ಎದುರಿನ ಟಿವಿಯಲ್ಲಿ ಅಮೆರಿಕದ ಸೆನೆಟ್, ಅಂದರೆ ಅಧ್ಯಕ್ಷರು ಹೆಸರಿಸಿದ ನ್ಯಾಯಮೂರ್ತಿಗೆ ಒಪ್ಪಿಗೆ ಕೊಡುವ ಮೇಲ್ಮನೆ. ರಾತ್ರಿ ಎಂಟರ ಸುಮಾರಿಗೆ 52–48 ಎಂದು ಮತದಾನ ಮುಗಿಯಿತು. ಟ್ರಂಪ್ ಹೆಸರಿಸಿದ ಏಮಿ ಕೋನಿ ಬ್ಯಾರೆಟ್ ಈಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ನಾವು ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಶ್ವೇತಭವನದ ಹುಲ್ಲುಹಾಸಿನ ಮೇಲೆ ದೀಪ ಹಾಕಿಸಿ, ಕ್ಲಾರೆನ್ಸ್ ಥಾಮಸ್ ಅವರ ಕೈಯಲ್ಲಿ ಪ್ರಮಾಣವಚನವನ್ನೂ ಮಾಡಿಸಿಬಿಟ್ಟರು. ಊರಿನಲ್ಲಿ ಬೆಳಗಿನ ಕಾಫಿ ಕುಡಿಯುತ್ತಾ ಸುದ್ದಿ ನೋಡಿದ ಅಮ್ಮ ಫೋನಿನಲ್ಲಿ ಕೇಳಿದರು: “ಅಲ್ಲಮ್ಮಾ, ಕತ್ತಲಲ್ಲಿ ಯಾಕೆ? ಮುಹೂರ್ತ ಮೀರಿಹೋಗುತ್ತಿತ್ತೇ?”

ಹೌದು ಅಮ್ಮ. ನವೆಂಬರ್ 3ರ ಅಧ್ಯಕ್ಷ ಚುನಾವಣೆಗೆ ಮೀರಿಹೋಗುತ್ತಿತ್ತು. ಎಂಟೇ ದಿನ ಬಾಕಿ.

ಆಕೆ ನ್ಯಾಯಮೂರ್ತಿಯಾಗಲು ಅರ್ಹರೋ ಅಲ್ಲವೋ ಎಂಬುದು ನನ್ನ ತಕರಾರಲ್ಲ. ಎದುರಿಗೆ ಖಾಲಿ ಟಿಪ್ಪಣಿ ಹಾಳೆ ಇಟ್ಟುಕೊಂಡು ಗಂಟೆಗಟ್ಟಲೆ ಪ್ರಶ್ನೆಗಳಿಗೆ ಉತ್ತರಿಸಿದ ಹೆಂಗಸು, ಏಳು ಮಕ್ಕಳ ತಾಯಿ. ನಾನು ತರಕಾರಿ ಪಟ್ಟಿಯಿಲ್ಲದೆ ಅಂಗಡಿಗೆ ಹೋದರೆ ಅರ್ಧ ಮರೆತು ಬರುತ್ತೇನೆ. ನನ್ನ ಸಿಟ್ಟಿರುವುದು ನಾಲ್ಕು ವರ್ಷದ ಹಿಂದೆ ನನ್ನನ್ನು ಊಟಕ್ಕೆ ಕರೆದವರ ಮೇಲೆ.

ನೆನಪಿದೆಯಲ್ಲ? 2016ರ ಫೆಬ್ರವರಿ 13ರಂದು ನ್ಯಾಯಮೂರ್ತಿ ಸ್ಕಾಲಿಯಾ ತೀರಿಕೊಂಡರು. ಚುನಾವಣೆಗೆ ಇನ್ನೂ ಎಂಟೂವರೆ ತಿಂಗಳಿಗಿಂತ ಹೆಚ್ಚಿತ್ತು. ಮಾರ್ಚ್‌ನಲ್ಲಿ ಆಗಿನ ಅಧ್ಯಕ್ಷ, ಡೆಮಾಕ್ರಟಿಕ್ ಪಕ್ಷದ ಒಬಾಮ ಆ ಜಾಗಕ್ಕೆ ಮೆರಿಕ್ ಗಾರ್ಲೆಂಡ್ ಹೆಸರು ಕಳುಹಿಸಿದರು. ಸೆನೆಟ್ಟಿನ ಬಹುಮತದ ನಾಯಕ, ರಿಪಬ್ಲಿಕನ್ ಪಕ್ಷದ ಮಿಚ್ ಮೆಕಾನಲ್ ಹೇಳಿದ್ದೇನು? ಚುನಾವಣೆಯ ವರ್ಷ, ಮುಂದಿನ ನ್ಯಾಯಮೂರ್ತಿ ಯಾರೆಂಬುದರಲ್ಲಿ ಜನರ ಮಾತು ನಡೆಯಬೇಕು, ಮತದಾರರು ತೀರ್ಮಾನಿಸಲಿ. ಆಹಾ! ನಾನಾಗ ಇನ್ನೂ ಪೌರತ್ವದ ಪ್ರಮಾಣಕ್ಕಾಗಿ ಕಾಯುತ್ತಿದ್ದವಳು. ಮತದಾರ ಎಂದರೆ ಎಂಥ ಮರ್ಯಾದೆ ಈ ದೇಶದಲ್ಲಿ ಎಂದು ಪುಳಕಗೊಂಡಿದ್ದೆ. ಗಾರ್ಲೆಂಡ್ 293 ದಿನ ಕಾದರು. ಒಂದು ವಿಚಾರಣೆಯಿಲ್ಲ, ಒಂದು ಮತವಿಲ್ಲ. ಹುಡುಗಿ ನೋಡಲು ಬರುತ್ತೇವೆಂದು ಹೇಳಿ ಬರದೇ ಉಳಿದ ಗಂಡಿನ ಕಡೆಯವರ ಹಾಗೆ.

ಈಗ 2020. ಸೆಪ್ಟೆಂಬರ್ 18ರ ಶುಕ್ರವಾರ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ತೀರಿಕೊಂಡರು. ಅದೇ ದಿನ ಮಿನ್ನೆಸೋಟ, ವರ್ಜೀನಿಯಾಗಳಲ್ಲಿ ಜನ ಮಾಸ್ಕ್ ಹಾಕಿಕೊಂಡು, ಆರಾರು ಅಡಿ ಅಂತರದಲ್ಲಿ ನಿಂತು ಮತ ಹಾಕಲು ಶುರು ಮಾಡಿದ್ದರು. ಅಂದರೆ ಅದು ಬರೀ ಚುನಾವಣೆಯ ವರ್ಷವಲ್ಲ, ಚುನಾವಣೆಯೇ ನಡೆಯುತ್ತಿತ್ತು. ಅಂದು ರಾತ್ರಿಯೇ ಅದೇ ಮೆಕಾನಲ್, ಟ್ರಂಪ್ ಕಳುಹಿಸುವ ಹೆಸರನ್ನು ಸೆನೆಟ್ ಮತಕ್ಕೆ ಹಾಕುತ್ತದೆ ಎಂದು ಹೇಳಿಕೆ ಕೊಟ್ಟರು. ಸೂತಕದ ಮನೆಯಲ್ಲಿ ದೀಪ ಹಚ್ಚುವ ಮೊದಲೇ ಆಸ್ತಿ ಪತ್ರ ಕೇಳುವ ದಾಯಾದಿಗಳನ್ನು ನಾವು ನೋಡಿಲ್ಲವೇ, ಅಷ್ಟೇ ಅವಸರ. ಜನರ ಮಾತು ಎಲ್ಲಿ ಹೋಯಿತು ಸ್ವಾಮಿ? ನಿನ್ನೆಯ ಹೊತ್ತಿಗೆ ಈ ದೇಶದಲ್ಲಿ ಆರು ಕೋಟಿ ಜನ ಆಗಲೇ ಮತ ಹಾಕಿಯಾಗಿತ್ತು. ಅವರಲ್ಲಿ ನಾನೂ ಒಬ್ಬಳು.

ನಾನಿರುವ ಪೆನ್ಸಿಲ್ವೇನಿಯಾ ರಾಜ್ಯದ ಅಂಚೆ ಮತ ಹೇಗಿರುತ್ತದೆ ಗೊತ್ತೇ? ಮತಪತ್ರವನ್ನು ಮಡಿಸಿ ಮೊದಲು ಒಂದು ಒಳಲಕೋಟೆಗೆ ಹಾಕಬೇಕು. ಅದರ ಮೇಲೆ ಒಂದು ಗೀಟೂ ಎಳೆಯಬಾರದು. ಅದನ್ನು ಇನ್ನೊಂದು ಲಕೋಟೆಯಲ್ಲಿಟ್ಟು ಹಿಂಬದಿಯಲ್ಲಿ ಸಹಿ, ತಾರೀಖು ಹಾಕಬೇಕು. ಒಳಲಕೋಟೆ ಮರೆತರೆ ಮತ ಕಸದ ಬುಟ್ಟಿಗೆ. ಅದನ್ನು ರಾಜ್ಯದ ಸುಪ್ರೀಂ ಕೋರ್ಟೇ ಕಳೆದ ತಿಂಗಳು ಹೇಳಿದೆ. ಊಟದ ಮೇಜಿನ ಮೇಲೆ ಹಾಳೆ ಹಾಸಿ, ಕೈ ಒರೆಸಿಕೊಂಡು, ವರಮಹಾಲಕ್ಷ್ಮಿ ವ್ರತದ ಕಲಶ ಕೂರಿಸುವಷ್ಟು ಮಡಿಯಿಂದ ಮಾಡಿದ ಕೆಲಸ ಅದು. ಆಮೇಲೆ ಕೌಂಟಿಯವರು, ಎಂದರೆ ನಮ್ಮ ಜಿಲ್ಲಾಡಳಿತದ ಹಾಗಿನವರು, ವಾರಾಂತ್ಯಕ್ಕೆಂದು ತೆರೆದಿದ್ದ ತಾತ್ಕಾಲಿಕ ಕಚೇರಿಯ ಮುಂದೆ ನಿಂತು ಕೈಯಾರೆ ಕೊಟ್ಟು ಬಂದೆ. ಇಷ್ಟೆಲ್ಲ ಮಾಡಿದ್ದು ಯಾಕೆ? ನನ್ನ ಅಭಿಪ್ರಾಯ ಯಾರಿಗೋ ಬೇಕಾಗಿದೆ ಎಂಬ ಭ್ರಮೆಯಿಂದ.

ಆ ಭ್ರಮೆಯನ್ನು ಮೊನ್ನೆ ಭಾನುವಾರ ಮೆಕಾನಲ್ ಅವರೇ ಸೆನೆಟ್ಟಿನಲ್ಲಿ ನಿಂತು ಬಿಡಿಸಿದರು. ಈ ನಾಲ್ಕು ವರ್ಷ ನಾವು ಮಾಡಿದ ಎಷ್ಟೋ ಕೆಲಸವನ್ನು ಇಂದಲ್ಲ ನಾಳೆ ಮುಂದಿನ ಚುನಾವಣೆ ಅಳಿಸಿಹಾಕುತ್ತದೆ, ಆದರೆ ಈ ನೇಮಕವನ್ನು ಮಾತ್ರ ಎದುರಿನವರು ಬಹುಕಾಲ ಹೆಚ್ಚೇನೂ ಮಾಡಲಾರರು ಎಂಬ ಅರ್ಥದ ಮಾತು. ಎರಡು ಸಲ ಹಾಕಿ ಕೇಳಿದೆ. ಮಕ್ಕಳ ಕೈಗೆ ಸಿಗದಿರಲಿ ಎಂದು ಅಜ್ಜಿ ಬೆಲ್ಲದ ಡಬ್ಬಿಯನ್ನು ಅಟ್ಟದ ಮೇಲೆ ಇಡುತ್ತಿದ್ದರಲ್ಲ, ಹಾಗೆ ಇಟ್ಟಿದ್ದೇವೆ ಎಂದು ಮಕ್ಕಳ ಮುಂದೆಯೇ ಹೇಳಿದರು. ಇಲ್ಲಿ ಸುಪ್ರೀಂ ಕೋರ್ಟಿಗೆ ನಿವೃತ್ತಿಯೇ ಇಲ್ಲ. ಬ್ಯಾರೆಟ್ ಅವರಿಗೆ 48 ವರ್ಷ. ಗಿನ್ಸ್‌ಬರ್ಗ್ ಅವರ ಹಾಗೆ 87ರವರೆಗೆ ಕುಳಿತರೆ, ಲೆಕ್ಕ ನೀವೇ ಹಾಕಿ, ನನಗೆ ಹಾಕುವ ಧೈರ್ಯವಿಲ್ಲ.

ತಮಾಷೆಯೆಂದರೆ ಇದೇ ಪೆನ್ಸಿಲ್ವೇನಿಯಾದಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳನ್ನು ನಾವೇ ಚುನಾವಣೆಯಲ್ಲಿ ಆರಿಸುತ್ತೇವೆ, ಪಕ್ಷದ ಹೆಸರಿನ ಮೇಲೆಯೇ. ಹತ್ತು ವರ್ಷಕ್ಕೊಮ್ಮೆ ಇವರು ಇರಲೋ ಬೇಡವೋ ಎಂದು ನಮ್ಮನ್ನು ಮತ್ತೆ ಕೇಳುತ್ತಾರೆ. ಅದೂ ನನಗೆ ಸರಿ ಕಾಣುವುದಿಲ್ಲ, ಅದು ಬೇರೆ ಜಗಳ.

ಪಕ್ಕದ ಮನೆಯ ಅಜ್ಜನ ವಿಷಯ ಹೇಳಲೇಬೇಕು. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಹಿಮ ಬಿದ್ದರೆ ನಮ್ಮ ಮೆಟ್ಟಿಲನ್ನೂ ಕೆರೆದು ಕೊಡುವ ದೊಡ್ಡ ಮನಸ್ಸಿನ ಮನುಷ್ಯ. 2016ರಲ್ಲಿ ಟ್ರಂಪ್‌ಗೆ ಮತ ಹಾಕಿದ್ದರು. “ಆ ಮನುಷ್ಯನನ್ನು ನನ್ನ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ, ಆದರೆ ಕೋರ್ಟ್ ಮುಖ್ಯ” ಎಂದಿದ್ದರು. ಅವರೊಬ್ಬರೇ ಅಲ್ಲ. ಆ ವರ್ಷದ ಮತಗಟ್ಟೆ ಸಮೀಕ್ಷೆಯಲ್ಲಿ ಐವರಲ್ಲಿ ಒಬ್ಬರು ಸುಪ್ರೀಂ ಕೋರ್ಟ್ ನೇಮಕವೇ ಎಲ್ಲಕ್ಕಿಂತ ಮುಖ್ಯ ಎಂದಿದ್ದರು, ಅವರಲ್ಲಿ ಹೆಚ್ಚಿನವರು ಟ್ರಂಪ್ ಕಡೆ. ಆ ಖಾಲಿ ಕುರ್ಚಿ ಗಾಳಕ್ಕೆ ಸಿಕ್ಕಿಸಿದ ಎರೆಹುಳುವಾಗಿತ್ತು. ಇವತ್ತು ಬೆಳಿಗ್ಗೆ ಕಸದ ಡಬ್ಬಿ ಹೊರಗಿಡುವಾಗ ಅಜ್ಜ ಸಿಕ್ಕರು. ಖುಷಿಯಾಗಿದ್ದೀರಾ ಎಂದೆ. “ನನ್ನ ಕೆಲಸ ಆಯಿತು” ಎಂದರು. “ಇನ್ನು ಚುನಾವಣೆಯ ಮಂಗಳವಾರ ಸೊಂಟ ನೋವಿದ್ದರೆ ಮನೆಯಲ್ಲೇ ಇರುತ್ತೇನೆ.”

ಕುರ್ಚಿ ತುಂಬಿದ ಮೇಲೆ ಇಂಥವರು ಮತಗಟ್ಟೆಗೆ ಬಾರದೇ ಹೋಗಬಹುದೆಂಬುದು ಮೆಕಾನಲ್ ಅವರಿಗೆ ಹೊಳೆದಿಲ್ಲವೇ? ಖಂಡಿತ ಹೊಳೆದಿರುತ್ತದೆ. ಚುನಾವಣೆ ಸೋತರೂ ಕುರ್ಚಿ ಉಳಿಯುತ್ತದೆ ಎಂಬ ಲೆಕ್ಕ ಅವರದು. ಅತ್ತ ಗಿನ್ಸ್‌ಬರ್ಗ್ ತೀರಿಕೊಂಡ ವಾರಾಂತ್ಯದಲ್ಲೇ ಡೆಮಾಕ್ರಟಿಕ್ ಕಡೆಗೆ ಹತ್ತು ಕೋಟಿ ಡಾಲರ್‌ಗಿಂತ ಹೆಚ್ಚು ದೇಣಿಗೆ ಹರಿದುಬಂತು. 2018ರಲ್ಲಿ ಸುಪ್ರೀಂ ಕೋರ್ಟಿಗೆ ಟ್ರಂಪ್ ಹೆಸರಿಸಿದ ಬ್ರೆಟ್ ಕ್ಯಾವನಾ ಪ್ರಕರಣದಲ್ಲೂ ಹೀಗೇ ಎರಡೂ ಕಡೆ ಕಾವು. ಅವರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಹೊರಿಸಿದ ಕ್ರಿಸ್ಟೀನ್ ಬ್ಲೇಸಿ ಫೋರ್ಡ್ ಅವರ ಸಾಕ್ಷ್ಯ ನೋಡಿ ನಮ್ಮ ಬಡಾವಣೆಯ ಹೆಂಗಸರು ಮನೆ ಮನೆ ಬಾಗಿಲು ತಟ್ಟಿದರು, ಡೆಮಾಕ್ರಟರು ಕೆಳಮನೆಯಲ್ಲಿ 40 ಸ್ಥಾನ ಹೆಚ್ಚಿಸಿಕೊಂಡು ಗೆದ್ದರು. ಆದರೆ ನಾರ್ತ್ ಡಕೋಟ, ಇಂಡಿಯಾನ, ಮಿಸ್ಸೌರಿಗಳಲ್ಲಿ ಕ್ಯಾವನಾ ವಿರುದ್ಧ ಮತ ಹಾಕಿದ ಡೆಮಾಕ್ರಟಿಕ್ ಸೆನೆಟರುಗಳು ಸೋತರು. ನಮ್ಮ ಪಕ್ಕದ ವೆಸ್ಟ್ ವರ್ಜೀನಿಯಾದ ಮ್ಯಾಂಚಿನ್ ಪರವಾಗಿ ಹಾಕಿದ್ದರು, ಗೆದ್ದರು.

ನ್ಯೂಜೆರ್ಸಿಯಲ್ಲಿರುವ ನಮ್ಮ ವಾದಪ್ರಿಯ ಗೆಳೆಯ ಇದನ್ನು ಓದಿದ ತಕ್ಷಣ ಕೆಳಗೆ ಬರೆಯುತ್ತಾನೆ, ಅವನ ಶ್ರಮ ತಪ್ಪಿಸುತ್ತೇನೆ: “ಸಂವಿಧಾನದಲ್ಲಿ ಎಲ್ಲಿ ತಪ್ಪಿದೆ? ಅಧ್ಯಕ್ಷರ ಅವಧಿ ನಾಲ್ಕು ವರ್ಷ, ಮೂರು ವರ್ಷ ಎಂಟು ತಿಂಗಳಲ್ಲ. 2016ರಲ್ಲಿ ಅಧ್ಯಕ್ಷರು ಒಂದು ಪಕ್ಷ, ಸೆನೆಟ್ ಇನ್ನೊಂದು. ಈಗ ಎರಡೂ ಒಂದೇ. 2013ರಲ್ಲಿ ಕೆಳಗಿನ ನ್ಯಾಯಾಲಯಗಳ ನೇಮಕಕ್ಕೆ ಸರಳ ಬಹುಮತ ಸಾಕೆಂದು ಬೇಲಿ ಕಿತ್ತವರು ಆಗಿನ ಸೆನೆಟ್ ನಾಯಕ, ನಿಮ್ಮ ಡೆಮಾಕ್ರಟಿಕ್ ಪಕ್ಷದ ಹ್ಯಾರಿ ರೀಡ್ ಅಲ್ಲವೇ?” ಹೌದಪ್ಪ, ಬೇಲಿ ಮೊದಲು ಕಿತ್ತದ್ದು ಅವರೇ. 2017ರಲ್ಲಿ ಸುಪ್ರೀಂ ಕೋರ್ಟಿಗಿದ್ದ ಮಿಕ್ಕ ಬೇಲಿಯನ್ನೂ ಕಿತ್ತು ದನ ನುಗ್ಗಿಸಿದ್ದು ಮೆಕಾನಲ್ ಕಡೆಯವರು. ಸಂವಿಧಾನದಲ್ಲಿ ತಪ್ಪಿಲ್ಲ ಎಂದು ನಾನೂ ಒಪ್ಪುತ್ತೇನೆ. ಹಾಗಾದರೆ 2016ರಲ್ಲೂ ಅದನ್ನೇ ಹೇಳಬಹುದಿತ್ತಲ್ಲ: ನಮಗೆ ಬಲವಿದೆ, ತಡೆಯುತ್ತೇವೆ ಎಂದು? ಮತದಾರನ ಹೆಸರನ್ನು ಯಾಕೆ ಎಳೆದು ತಂದರು? ಚುನಾವಣೆಯ ವರ್ಷ ನೇಮಕ ಬೇಡ, ನನ್ನ ಈ ಮಾತನ್ನು ಮುಂದೆ ನನ್ನ ಮೇಲೇ ಬಳಸಿ ಎಂದು ಆಗ ಹೇಳಿದ್ದ ರಿಪಬ್ಲಿಕನ್ ಸೆನೆಟರ್ ಲಿಂಡ್ಸೆ ಗ್ರಹಾಂ ಈ ಸಲ ವಿಚಾರಣಾ ಸಮಿತಿಯ ಅಧ್ಯಕ್ಷರು. ಬಳಸಿದೆವು. ಏನಾಯಿತು? ವಿಚಾರಣೆ ಮುಗಿದಾಗ ಡೆಮಾಕ್ರಟಿಕ್ ಪಕ್ಷದ ಡಯಾನ್ ಫೈನ್‌ಸ್ಟೈನ್ ಅವರೇ ಹೋಗಿ ಗ್ರಹಾಂರನ್ನು ಅಪ್ಪಿಕೊಂಡು ಚೆನ್ನಾಗಿ ನಡೆಸಿದಿರಿ ಎಂದು ಹೊಗಳಿದರು. ಅದೂ ಮಾಸ್ಕ್ ಇಲ್ಲದೆ!

ಗೆಳೆಯನ ಇನ್ನೊಂದು ಬಾಣ: “ನಿಮ್ಮ ಊರಿನಲ್ಲಿ ಮತದಾರನನ್ನು ಕೇಳುತ್ತಾರೆಯೇ?” ಇಲ್ಲ. ಭಾರತದಲ್ಲಿ ಕೊಲಿಜಿಯಂ ಎಂಬ ಗುಂಪಿನ ಹಿರಿಯ ನ್ಯಾಯಮೂರ್ತಿಗಳೇ ಕುಳಿತು ಹೆಸರು ಬರೆಯುತ್ತಾರೆ. ಸಂಸತ್ತು ತಂದ ನೇಮಕಾತಿ ಆಯೋಗವನ್ನೂ 2015ರಲ್ಲಿ ಸುಪ್ರೀಂ ಕೋರ್ಟೇ ರದ್ದು ಮಾಡಿತು. ಹೈಕೋರ್ಟಿನವರು 62ಕ್ಕೆ, ಸುಪ್ರೀಂ ಕೋರ್ಟಿನವರು 65ಕ್ಕೆ ಮನೆಗೆ. ಬಾಗಿಲು ಮುಚ್ಚಿಕೊಂಡು ಮಾಡುವುದನ್ನು ನಾನೇನೂ ಮೆಚ್ಚುವುದಿಲ್ಲ. ಆದರೆ ಅಲ್ಲಿ ನನ್ನನ್ನು ಊಟಕ್ಕೆ ಕರೆದೇ ಇರಲಿಲ್ಲ. ಇಲ್ಲಿ ಕರೆದರು, ಪಂಕ್ತಿಯಲ್ಲಿ ಕೂರಿಸಿದರು, ಎಲೆಗೆ ನೀರು ಚಿಮುಕಿಸಿಕೊಳ್ಳಿ ಎಂದರು, ಅನ್ನ ಬರುವ ಹೊತ್ತಿಗೆ ಎಲೆ ಎತ್ತಿಕೊಂಡು ಹೋದರು.

ಈಗ ಯಾರಿಗೂ ಹೇಳದ ಒಂದು ಮಾತು. ನಾನು ಪ್ರಮಾಣ ಮಾಡಿ ಪ್ರಜೆಯಾದದ್ದು 2016ರ ಆಗಸ್ಟ್‌ನಲ್ಲಿ. ಮತದಾರರ ಪಟ್ಟಿಗೆ ಸೇರುವ ಅರ್ಜಿಯನ್ನು ಅಲ್ಲೇ ಕೈಗೆ ಕೊಟ್ಟಿದ್ದರು. ಫ್ರಿಜ್ ಬಾಗಿಲಿಗೆ ಮೈಸೂರು ಅರಮನೆಯ ಆಯಸ್ಕಾಂತದಿಂದ ಅಂಟಿಸಿದೆ. ಕೆಲಸ, ಮಗಳ ನೃತ್ಯ ತರಗತಿ, ನವರಾತ್ರಿಯ ಗೊಂಬೆ, ಹೀಗೆ ಅಕ್ಟೋಬರ್ ಗಡುವು ದಾಟಿಹೋಯಿತು. ಆ ಸಲ ಪೆನ್ಸಿಲ್ವೇನಿಯಾದಲ್ಲಿ ಟ್ರಂಪ್ ಗೆದ್ದದ್ದು ಸುಮಾರು 44 ಸಾವಿರ ಮತಗಳಿಂದ. ನನ್ನ ಒಂದು ಮತದಿಂದ ಏನೂ ಆಗುತ್ತಿರಲಿಲ್ಲ ನಿಜ. ನಾಲ್ಕು ವರ್ಷ ಎಲ್ಲರ ಮುಂದೆ “ನಾನು ಹಾಕಿದ್ದೆ” ಎಂದು ಸುಳ್ಳು ಹೇಳಿಕೊಂಡು ಬಂದಿದ್ದೇನೆ. ಇನ್ನೊಂದು: ಇದೇ ಅವಸರವನ್ನು ನನ್ನ ಮೆಚ್ಚಿನ ಪಕ್ಷ ಮಾಡಿದ್ದರೆ ನಿನ್ನೆ ಒಬ್ಬಟ್ಟಿಗೆ ಇನ್ನೊಂದು ಚಮಚ ತುಪ್ಪ ಹಾಕಿಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಇದನ್ನು ಓದಿ ಗೆಳೆಯ ಕುಣಿಯಲಿ.

ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ, ನಿಮಗೆ ಗೊತ್ತು. ಮೊದಲಿನಿಂದಲೇ ಕಾಯಿಲೆ ಇದ್ದವರಿಗೆ ವಿಮೆ ನಿರಾಕರಿಸಬಾರದು ಎನ್ನುವ ಕಾನೂನಿನ ಪ್ರಕರಣ ನವೆಂಬರ್ 10ಕ್ಕೆ ಇದೇ ನ್ಯಾಯಾಲಯದ ಮುಂದೆ ಬರುತ್ತದೆ. ಅದಕ್ಕಿಂತ ಮೊದಲೇ ನಮ್ಮ ರಾಜ್ಯದ ಅಂಚೆ ಮತಗಳ ಜಗಳವಿದೆ. 3ನೆಯ ತಾರೀಖಿನೊಳಗೆ ಅಂಚೆಗೆ ಬಿದ್ದ ಮತ 6ರ ಸಂಜೆ 5ರೊಳಗೆ ತಲುಪಿದರೆ ಎಣಿಸಬಹುದು ಎಂದು ರಾಜ್ಯದ ಕೋರ್ಟ್ ಹೇಳಿತ್ತು. ಮೇಲಿನ ಕೋರ್ಟಿನಲ್ಲಿ ಅದು 4–4 ಆಗಿ ಹಾಗೇ ಉಳಿಯಿತು. ಈಗ ರಿಪಬ್ಲಿಕನ್ನರು ಮತ್ತೆ ಬಾಗಿಲು ತಟ್ಟಿದ್ದಾರೆ, ಒಳಗೆ ಒಂಬತ್ತನೆಯವರು ಬಂದು ಕುಳಿತಿದ್ದಾರೆ.

ಮನೆಯವರ ಲಕೋಟೆ ಇನ್ನೂ ಅದೇ ಫ್ರಿಜ್ ಬಾಗಿಲಲ್ಲಿ, ಅದೇ ಆಯಸ್ಕಾಂತದ ಕೆಳಗಿದೆ. “ಇನ್ನೂ ಒಂದು ವಾರ ಇದೆಯಲ್ಲ” ಎನ್ನುತ್ತಿದ್ದಾರೆ. ಅವರ ಪರವಾಗಿ ನಾನು ಕೊಂಡೊಯ್ದು ಕೊಡುವಂತಿಲ್ಲ, ಅವರವರ ಲಕೋಟೆಯನ್ನು ಅವರವರೇ ಕೊಡಬೇಕು. ಆದ್ದರಿಂದ ಮಧ್ಯಾಹ್ನ ಆ ಮನುಷ್ಯನ ಮೀಟಿಂಗ್ ಮುಗಿದ ಕೂಡಲೇ ಕಾರಿನಲ್ಲಿ ಕೂರಿಸಿಕೊಂಡು ಕೌಂಟಿ ಕಚೇರಿಗೆ ಹೊರಡುತ್ತಿದ್ದೇನೆ. ಒಳಲಕೋಟೆ ಹಾಕಿದ್ದಾರೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡಿಯಾಯಿತು. ಹಾಕಿದ್ದಾರೆ.