ಮೂರು ಕೋಣೆಗೆ ಬೀಗ ಹಾಕಿಕೊಂಡು ಒಬ್ಬಳೇ ಯಾಕಿರಬೇಕು?

ಜಯನಗರದ ನಮ್ಮ ಮನೆಯಲ್ಲಿ ನಾಲ್ಕು ಕೋಣೆಗಳು. ಯಜಮಾನರು ತೀರಿಕೊಂಡು ಆರು ವರ್ಷವಾಯಿತು, ಮಗ ಸಂಸಾರ ಸಮೇತ ಹೈದರಾಬಾದಿನಲ್ಲಿದ್ದಾನೆ. ಮೂರು ಕೋಣೆಗಳನ್ನು ವಾರಕ್ಕೊಮ್ಮೆ ತೆಗೆದು, ಗುಡಿಸಿ, ಮತ್ತೆ ಬೀಗ ಹಾಕುತ್ತಿದ್ದೆ. ಹೀಗೆ ವಯಸ್ಸಾದವರು ಒಂಟಿಯಾಗಿರುವ ಮನೆಗಳು ನಮ್ಮ ರಸ್ತೆಯೊಂದರಲ್ಲೇ ಏಳಿವೆ. ಅದೇ ರಸ್ತೆಯ ತುದಿಯ ಪಿಜಿಯಲ್ಲಿ ಒಂದು ಕೋಣೆಗೆ ನಾಲ್ಕು ಮಂಚ.

ಸಕ್ಕರೆ ಪರೀಕ್ಷೆಗೆ ರಕ್ತ ತೆಗೆದುಕೊಳ್ಳಲು ಬೆಳಗ್ಗೆ ಆರೂವರೆಗೆ ಬರುತ್ತಿದ್ದ ಲ್ಯಾಬಿನ ಹುಡುಗಿ ಇದ್ದದ್ದು ಅಲ್ಲೇ. ಊರು ಚಳ್ಳಕೆರೆಯ ಹತ್ತಿರ. ಒಂದು ದಿನ ಕಣ್ಣು ಕೆಂಪಾಗಿದ್ದವು. ಕೇಳಿದೆ. "ರಾತ್ರಿ ಪಾಳಿಯವರು ಬಂದು ದೀಪ ಹಾಕುತ್ತಾರಮ್ಮಾ, ನಿದ್ದೆಯಿಲ್ಲ" ಎಂದಳು. ಬೇರೆ ಮನೆ ನೋಡಬಾರದೇ ಎಂದರೆ, "ಅಡ್ವಾನ್ಸ್ ಒಂದೂವರೆ ಲಕ್ಷ ಕೇಳುತ್ತಾರೆ, ಎಲ್ಲಿಂದ ತರಲಿ?" ಅವಳ ಸಂಬಳ ಇಪ್ಪತ್ತೆರಡು ಸಾವಿರ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಪಡೆಯಬಾರದು ಎನ್ನುತ್ತದೆ. ನಮ್ಮೂರಿನಲ್ಲಿ ಹತ್ತು ತಿಂಗಳದ್ದು ಕೇಳುವವರು ಈಗಲೂ ಇದ್ದಾರೆ, ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳದ್ದನ್ನು ಹಿಡಿದುಕೊಳ್ಳುವುದು ಬೇರೆ.

ಮುಂದಿನ ತಿಂಗಳು ಅವಳು ನಮ್ಮ ಮನೆಗೆ ಬಂದಳು. ಬಾಡಿಗೆ ಆರು ಸಾವಿರ, ಅಡ್ವಾನ್ಸ್ ಒಂದೇ ತಿಂಗಳದ್ದು. ಸುದ್ದಿ ತಿಳಿದ ತಕ್ಷಣ ಅಕ್ಕ ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ, "ಯಾವ ಜನವಂತೆ?" ಸಂಜೆಯೊಳಗೆ ಪಕ್ಕದ ಮನೆಯವರೂ ಅದನ್ನೇ ಕೇಳಿದರು. ಬಾಡಿಗೆ ಮನೆ ಹುಡುಕಿದವರಿಗೆಲ್ಲ ಈ ಪ್ರಶ್ನೆ ಗೊತ್ತು. "ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಬೋರ್ಡಿನ ಹಿಂದೆ ನಿಂತಿರುವುದೂ ಇದೇ.

ನಾನೇನೂ ಆ ಪ್ರಶ್ನೆಯಿಂದ ಪೂರ್ತಿ ಹೊರಗಿದ್ದವಳಲ್ಲ. ಎರಡನೆಯ ವಾರ ಬಟ್ಟೆ ಒಣಗಿಸಲು ಹಿತ್ತಲಿಗೆ ಹೋದಾಗ ಅವಳು ತೆಂಗಿನ ಮರದ ಮರೆಯಲ್ಲಿ ನಿಂತು, ಕಾಗದದಲ್ಲಿ ಸುತ್ತಿ ತಂದ ಬೇಯಿಸಿದ ಮೊಟ್ಟೆಯನ್ನು ಗಬಗಬನೆ ತಿನ್ನುತ್ತಿದ್ದಳು. ನನ್ನನ್ನು ನೋಡಿ ಸಿಪ್ಪೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಬಾಡಿಗೆ ಕೊಟ್ಟು ಇರುವ ಹುಡುಗಿ ಕಳ್ಳಿಯ ಹಾಗೆ ತಿನ್ನಬೇಕಾದ ಮನೆ ನನ್ನದಾಗಿತ್ತಲ್ಲ ಎಂದು ಹೊಟ್ಟೆಯಲ್ಲಿ ಸಂಕಟವಾಯಿತು. ಅವತ್ತೇ ಒಂದು ಸಣ್ಣ ಪಾತ್ರೆ ತಂದುಕೊಟ್ಟು, "ಒಳಗೇ ಬೇಯಿಸಿಕೋ, ಕೂತು ತಿನ್ನು" ಎಂದೆ. ನನ್ನ ಒಲೆಗೆ ಏನೂ ಆಗಿಲ್ಲ.

ನಮ್ಮ ಮಾವನವರು ಮೈಸೂರಿನಲ್ಲಿ ವಾರಾನ್ನದ ಮೇಲೆ ಓದಿದವರು. ದಿನಕ್ಕೊಂದು ಮನೆಯಲ್ಲಿ ಊಟ, ಯಾರದೋ ಜಗಲಿಯಲ್ಲಿ ನಿದ್ದೆ. ಪರರ ಮಕ್ಕಳಿಗೆ ಜಾಗ ಮಾಡಿಕೊಡುವುದು ನಮಗೆ ಹೊಸದಲ್ಲ. ಆದರೆ ಆ ಬಾಗಿಲುಗಳು ಬಹುಮಟ್ಟಿಗೆ ಸ್ವಜಾತಿಯ ಹುಡುಗರಿಗೇ ತೆರೆಯುತ್ತಿದ್ದವು ಎಂಬುದನ್ನೂ ಮರೆಯಬಾರದು.

ತಂಗಿಯ ಮಗ ಮ್ಯೂನಿಕ್‌ನಲ್ಲಿ ಓದುವಾಗ ಒಬ್ಬ ಅಜ್ಜಿಯ ಮನೆಯಲ್ಲಿದ್ದ. ಜರ್ಮನಿಯ ಹಲವು ಊರುಗಳಲ್ಲಿ ಈ ಏರ್ಪಾಡಿದೆ. ಕೋಣೆ ಎಷ್ಟು ಚದರ ಮೀಟರೋ ತಿಂಗಳಿಗೆ ಅಷ್ಟು ಗಂಟೆ ಮನೆಗೆಲಸದಲ್ಲಿ ನೆರವು, ಬಾಡಿಗೆ ಇಲ್ಲ, ನೀರು ಮತ್ತು ವಿದ್ಯುತ್ತಿನ ಖರ್ಚು ಮಾತ್ರ. ಕಾಯಿಲೆಯವರ ಶುಶ್ರೂಷೆ ಅದರಲ್ಲಿ ಸೇರುವುದಿಲ್ಲ. ಈ ಕೊನೆಯ ಮಾತು ನನಗೆ ಬಹಳ ಹಿಡಿಸಿತು. ನಮ್ಮ ಒಂದು ಹಾಳೆಯ ಕರಾರಿನಲ್ಲೂ ಅಡುಗೆಮನೆಯ ಹೊತ್ತು, ನೆಂಟರು, ಒಂದು ತಿಂಗಳ ಮುಂಚಿನ ನೋಟಿಸು, ಎಲ್ಲ ಬರೆದುಕೊಂಡಿದ್ದೇವೆ. ಅವಳು ನನ್ನ ಆಯಾ ಅಲ್ಲ ಎಂದೂ ಬರೆಸಿದ್ದೇನೆ. "ಮನೆ ಮಗಳ ಹಾಗೆ" ಎಂಬ ಮಾತಿನಲ್ಲಿ ಎಷ್ಟು ಬಿಟ್ಟಿ ಚಾಕರಿ ಅಡಗಿರುತ್ತದೆಂದು ಸೊಸೆಯಾಗಿ ಬಾಳಿದ ನನಗೆ ಗೊತ್ತು.

ಸರ್ಕಾರ ಇದಕ್ಕೆ ಒತ್ತಾಸೆಯಾಗಬೇಕು. ಬ್ರಿಟನ್ನಿನಲ್ಲಿ ತಾನಿರುವ ಮನೆಯ ಕೋಣೆಯನ್ನು ಪೀಠೋಪಕರಣ ಸಮೇತ ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ 7,500 ಪೌಂಡ್‌ವರೆಗಿನ ಆದಾಯಕ್ಕೆ ತೆರಿಗೆಯಿಲ್ಲ. ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟ ಭಾಗದ ಆಸ್ತಿ ತೆರಿಗೆ ದರ ಸ್ವಂತ ವಾಸದ್ದರ ದುಪ್ಪಟ್ಟು. ಹತ್ತು ಮನೆ ಬಾಡಿಗೆಗೆ ಬಿಟ್ಟವರನ್ನೂ ಒಂದು ಕೋಣೆ ಕೊಟ್ಟ ವಿಧವೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಇದರಿಂದ ಮನೆಯ ಕೊರತೆಯೇ ನೀಗುತ್ತದೆ ಎನ್ನುತ್ತಿಲ್ಲ. ದೇಶದ ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆಯಿದೆ ಎಂದು 2012ರಲ್ಲಿ ಕೇಂದ್ರದ ತಾಂತ್ರಿಕ ಸಮಿತಿ ಲೆಕ್ಕ ಹಾಕಿತ್ತು. ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು, ಇಕ್ಕಟ್ಟಿನಲ್ಲಿ ಬದುಕುವ ಕುಟುಂಬಗಳದ್ದು. ಅವರಿಗೆ ಮನೆ ಕಟ್ಟಲೇಬೇಕು, ನನ್ನ ಕೋಣೆ ಅವರಿಗೆ ಉತ್ತರವಲ್ಲ. ಆದರೆ 2011ರ ಜನಗಣತಿಯಲ್ಲಿ ನಗರಗಳಲ್ಲೇ 1.1 ಕೋಟಿ ಮನೆಗಳು ಖಾಲಿಯಿದ್ದವು. ಜನರಿರುವ ಮನೆಗಳೊಳಗಿನ ಖಾಲಿ ಕೋಣೆಗಳು ಆ ಲೆಕ್ಕಕ್ಕೆ ಬಂದೇ ಇಲ್ಲ.

ಈ ಭಾನುವಾರ ಎರಡನೆಯ ಕೋಣೆಯ ಬೀಗ ತೆಗೆಯುತ್ತಿದ್ದೇನೆ. ಅವಳ ಲ್ಯಾಬಿನ ಇನ್ನೊಬ್ಬ ಹುಡುಗಿ ಬರುತ್ತಾಳೆ. ಅಲ್ಲೊಂದು ಹೊಲಿಗೆ ಯಂತ್ರವಿದೆ, ಚೆನ್ನಾಗಿ ನಡೆಯುತ್ತದೆ. ಬೇಕಾದವರು ಶನಿವಾರದೊಳಗೆ ಬಂದು ತೆಗೆದುಕೊಂಡು ಹೋಗಿ.