ಕೊನೆಯ ಸುತ್ತಿನಲ್ಲಿ ಕಾಣುವುದು ವೇಗವೋ, ದಮ್ಮೋ?

ಚರ್ಚೆಯ ವಿಷಯ: 5,000 ಮೀಟರ್‌ನಿಂದ ಮ್ಯಾರಥಾನ್‌ವರೆಗಿನ ದೂರದ ಓಟಗಳಲ್ಲಿ ಜಗತ್ತಿನ ಮೇಲ್ಪಂಕ್ತಿಯಲ್ಲಿರುವವರು ಮೂಲತಃ ಒಳ್ಳೆಯ ಸ್ಪ್ರಿಂಟ್ ವೇಗವುಳ್ಳವರೇ?

ಪರ

2012ರ ಆಗಸ್ಟ್ 4ರ ರಾತ್ರಿ ಲಂಡನ್ ಒಲಿಂಪಿಕ್ಸ್‌ನ 10,000 ಮೀಟರ್ ಫೈನಲ್‌ನಲ್ಲಿ ಕೊನೆಯ ಸುತ್ತಿನ ಗಂಟೆ ಬಾರಿಸಿದಾಗ ಓಟಗಾರರು ಆಗಲೇ 9,600 ಮೀಟರ್ ಓಡಿ ಮುಗಿಸಿದ್ದರು. ಉಳಿದ 400 ಮೀಟರ್ ಓಡಲು ಮೊ ಫರಾ ತೆಗೆದುಕೊಂಡ ಸಮಯ 53.48 ಸೆಕೆಂಡು. ಒಂದು ವಾರದ ಬಳಿಕ 5,000 ಮೀಟರ್ ಫೈನಲ್‌ನಲ್ಲಿ ಅವರ ಕೊನೆಯ ಸುತ್ತು 52.94 ಸೆಕೆಂಡಿನದು. ಅದಕ್ಕೂ ನಾಲ್ಕು ವರ್ಷ ಮೊದಲು ಬೀಜಿಂಗ್‌ನಲ್ಲಿ ಕೆನೆನಿಸಾ ಬೆಕೆಲೆ 10,000 ಮೀಟರ್‌ನ್ನು 27 ನಿಮಿಷ 1.17 ಸೆಕೆಂಡಿಗೆ ಓಡಿ ಗೆದ್ದಾಗಲೂ ಕೊನೆಯ 400 ಮೀಟರ್‌ಗೆ ಹಿಡಿದದ್ದು 53 ಸೆಕೆಂಡು ಚಿಲ್ಲರೆ. ಮೈದಾನಕ್ಕೆ ಇಳಿದು ಗಡಿಯಾರ ಹಿಡಿದು ಓಡಿದವರಿಗೆ ಈ ಅಂಕಿಗಳ ತೂಕ ಏನೆಂದು ಗೊತ್ತು. ಇದೊಂದೇ ಸುತ್ತನ್ನು, ಚೆನ್ನಾಗಿ ಮೈಬಿಸಿ ಮಾಡಿಕೊಂಡು, ಹೊಸ ಉಸಿರಿನಲ್ಲಿ ಓಡಿದರೂ 60 ಸೆಕೆಂಡಿನೊಳಗೆ ಮುಗಿಸಲಾಗದವರೇ ನಮ್ಮಲ್ಲಿ ಹೆಚ್ಚು. 24 ಸುತ್ತುಗಳ ದಣಿವಿನ ಮೇಲೆ 53 ಸೆಕೆಂಡಿಗೆ ಓಡುವ ಕಾಲಿನಲ್ಲಿ ವೇಗವೇ ಇಲ್ಲ ಎನ್ನುವುದಾದರೆ, ಇಲ್ಲದ್ದು ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕಾಗುತ್ತದೆ.

ಕೊನೆಯ ಸುತ್ತನ್ನು ಬದಿಗಿಟ್ಟು ಸರಾಸರಿ ವೇಗವನ್ನೇ ನೋಡೋಣ. 2023ರಲ್ಲಿ ಷಿಕಾಗೋದಲ್ಲಿ ಕೆಲ್ವಿನ್ ಕಿಪ್ಟಮ್ ಮ್ಯಾರಥಾನ್ ಓಡಿದ್ದು 2 ಗಂಟೆ 35 ಸೆಕೆಂಡಿನಲ್ಲಿ. ಎಂದರೆ ಪ್ರತಿ 100 ಮೀಟರ್‌ಗೆ 17 ಸೆಕೆಂಡು ಚಿಲ್ಲರೆ, ಪ್ರತಿ 400 ಮೀಟರ್‌ಗೆ 69 ಸೆಕೆಂಡಿಗಿಂತ ತುಸು ಕಡಿಮೆ. ಸುಣ್ಣದ ಪುಡಿಯಲ್ಲಿ ಗೆರೆ ಎಳೆದ ಕಾಲೇಜು ಮೈದಾನದ ಮಣ್ಣಿನ ಟ್ರ್ಯಾಕ್‌ನಲ್ಲಿ, ಗೆಳೆಯನ ಕೈಗೆ ಸ್ಟಾಪ್‌ವಾಚ್ ಕೊಟ್ಟು, ನಾನೊಮ್ಮೆ ಈ ವೇಗವನ್ನು ಓಡಿ ನೋಡಿದ್ದೆ. ಮೊದಲ 100 ಮೀಟರ್ ಸಲೀಸಾಗಿಯೇ ಹೋಯಿತು. ಎರಡನೆಯದರಲ್ಲಿ ತೋಳುಗಳು ಬಿಗಿದುಕೊಂಡವು. ಕೊನೆಯ ತಿರುವಿನಲ್ಲಿ ತೊಡೆ ಮೇಲೇಳಲಿಲ್ಲ. ಸುತ್ತು ಮುಗಿದಾಗ ಗಡಿಯಾರ 78 ತೋರಿಸುತ್ತಿತ್ತು. ಕಿಪ್ಟಮ್ ಅಂಥ 105 ಸುತ್ತುಗಳನ್ನು ಮೀರಿ ಓಡಿದವರು. ನನ್ನ ಪಾಲಿಗೆ ಸ್ಪ್ರಿಂಟ್ ಆಗಿದ್ದುದು ಅವರ ಪಾಲಿಗೆ ಆರಾಮದ ಓಟವಾಗಬೇಕಿದ್ದರೆ, ಅವರ ವೇಗದ ಛಾವಣಿ ನನ್ನದಕ್ಕಿಂತ ಬಹಳ ಎತ್ತರದಲ್ಲಿ ಇರಲೇಬೇಕು.

ತರಬೇತುದಾರರು ಇದನ್ನೇ ವೇಗದ ಮೀಸಲು ಎನ್ನುತ್ತಾರೆ. ಗರಿಷ್ಠ ವೇಗ ಹೆಚ್ಚಿದ್ದಷ್ಟೂ ಓಟದ ವೇಗ ಅದರಲ್ಲಿ ಸಣ್ಣ ಪಾಲಾಗುತ್ತದೆ, ಕಡೆಗೆ ಖರ್ಚು ಮಾಡಲು ಒಂದಿಷ್ಟು ಉಳಿಯುತ್ತದೆ. 1998ರಲ್ಲಿ ರೋಮ್‌ನಲ್ಲಿ 1,500 ಮೀಟರ್‌ನ್ನು 3 ನಿಮಿಷ 26 ಸೆಕೆಂಡಿಗೆ, ಎಂದರೆ ಸುತ್ತಿಗೆ 55 ಸೆಕೆಂಡಿನ ಒಳಗಿನ ಸರಾಸರಿಯಲ್ಲಿ ಓಡಿದ ಮೊರಾಕ್ಕೊದ ಹಿಷಾಮ್ ಎಲ್ ಗೆರೂಜ್, 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ತಮ್ಮ ಓಟವನ್ನು ಗೆದ್ದುದಲ್ಲದೆ, ದೂರದ ಓಟದ ದೊರೆಯಾಗಿದ್ದ ಬೆಕೆಲೆಯನ್ನು ಅವರದೇ 5,000 ಮೀಟರ್‌ನಲ್ಲಿ 0.20 ಸೆಕೆಂಡಿನಿಂದ ಹಿಂದಿಕ್ಕಿದರು.

ಮೀಸಲು ಇಲ್ಲದವರ ಕತೆ ಇದಕ್ಕಿಂತ ಸ್ಪಷ್ಟ. ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ ವಿಶ್ವದಾಖಲೆಗಳ ಸರಮಾಲೆಯನ್ನೇ ಹಾಕಿಕೊಂಡವರು, ಒಲಿಂಪಿಕ್ಸ್‌ನಿಂದ ತಂದದ್ದು ಮಾತ್ರ ಒಂದೇ ಒಂದು ಕಂಚು. 2003ರಲ್ಲಿ ಲಂಡನ್ ಮ್ಯಾರಥಾನ್‌ನ್ನು 2 ಗಂಟೆ 15 ನಿಮಿಷ 25 ಸೆಕೆಂಡಿಗೆ ಓಡಿದ ಪೌಲಾ ರ‍್ಯಾಡ್‌ಕ್ಲಿಫ್, 2000ದ ಸಿಡ್ನಿ ಒಲಿಂಪಿಕ್ಸ್‌ನ 10,000 ಮೀಟರ್‌ನಲ್ಲಿ ಬಹುಪಾಲು ದೂರ ಮುಂಚೂಣಿಯಲ್ಲಿದ್ದು, ಕೊನೆಗೆ ಮೂವರು ಪಕ್ಕದಿಂದ ಹಾದುಹೋಗುವುದನ್ನು ನೋಡುತ್ತ ನಾಲ್ಕನೆಯವರಾದರು. ಇಬ್ಬರಿಗೂ ದಮ್ಮಿನ ಕೊರತೆ ಇತ್ತು ಎಂದು ಯಾರೂ ಹೇಳಲಾರರು.

ಇನ್ನೂ ಸಂದೇಹವಿದ್ದವರು 2024ರ ಪ್ಯಾರಿಸ್ ಮಹಿಳಾ ಮ್ಯಾರಥಾನ್‌ನ ಕೊನೆಯ ಕೆಲವು ನೂರು ಮೀಟರ್‌ಗಳನ್ನು ನೋಡಬೇಕು. 42 ಕಿಲೋಮೀಟರ್ ಕಳೆದ ಮೇಲೆ ಸಿಫಾನ್ ಹಸನ್ ಮತ್ತು ಟಿಗ್ಸ್ಟ್ ಅಸೆಫಾ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಓಡಿದರು. ಹಸನ್ ಗೆದ್ದದ್ದು ಮೂರು ಸೆಕೆಂಡಿನಿಂದ. ಇಬ್ಬರೂ ಹಿಂದೆ 800 ಮೀಟರ್‌ನ್ನು ಎರಡು ನಿಮಿಷದೊಳಗೆ ಓಡಿದವರು. ಅತಿ ಉದ್ದದ ಓಟದ ಚಿನ್ನ ಮತ್ತು ಬೆಳ್ಳಿ ಎರಡೂ ಎರಡೇ ಸುತ್ತಿನ ಓಟದಿಂದ ಬಂದವರ ಪಾಲಾದುದನ್ನು ಕಾಕತಾಳೀಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ವಿರೋಧ

53 ಸೆಕೆಂಡು ಎಂಬ ನಾಣ್ಯ ದೂರದ ಓಟದ ಸಂತೆಯಲ್ಲಿ ಚಿನ್ನದ್ದು. ಅದನ್ನೇ ಸ್ಪ್ರಿಂಟರ್‌ಗಳ ಅಂಗಡಿಗೆ ಒಯ್ದರೆ ಚಿಲ್ಲರೆಯೂ ಹುಟ್ಟುವುದಿಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮಿಲ್ಖಾ ಸಿಂಗ್ 400 ಮೀಟರ್‌ನ್ನು 45.6 ಸೆಕೆಂಡಿಗೆ ಓಡಿ ನಾಲ್ಕನೆಯವರಾದರು. ಅದೂ ಇಂದಿನ ಸಿಂಥೆಟಿಕ್ ಟ್ರ್ಯಾಕ್ ಇಲ್ಲದ ಕಾಲದಲ್ಲಿ. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ ಹತ್ತು ಹರ್ಡಲ್‌ಗಳನ್ನು ದಾಟಿಕೊಂಡು ಅದೇ ಒಂದು ಸುತ್ತನ್ನು 55.42 ಸೆಕೆಂಡಿಗೆ ಮುಗಿಸಿದರು. ತಡೆಗಳಿಲ್ಲದ ಬಯಲಿನಲ್ಲಿ ಫರಾ ಓಡಿದ ಕೊನೆಯ ಸುತ್ತಿಗೂ ಇದಕ್ಕೂ ಇರುವ ಅಂತರ ಎರಡೇ ಸೆಕೆಂಡು. ಫರಾ ದಣಿದಿದ್ದರು ಎಂಬ ಉತ್ತರ ಬರುತ್ತದೆ, ಬರಲಿ. ಆದರೆ ಆ 5,000 ಮೀಟರ್ ಫೈನಲ್ ಗೆದ್ದ ಸಮಯ 13 ನಿಮಿಷ 41.66 ಸೆಕೆಂಡು, ಸುತ್ತಿಗೆ ಸುಮಾರು 66 ಸೆಕೆಂಡಿನ ಲೆಕ್ಕ. 60 ಸೆಕೆಂಡಿನ ಸುತ್ತುಗಳಿಗೆ ಒಗ್ಗಿದ ದೇಹಕ್ಕೆ ಇದು ಹೆಚ್ಚುಕಡಿಮೆ ಬೆಳಗಿನ ಅಭ್ಯಾಸದ ಓಟ.

ಪರ ವಾದದ ದೋಷ ಇರುವುದು ಅಲ್ಲೇ. ಕೊನೆಯ ಸುತ್ತು ಅಳೆಯುವುದು ಓಟಗಾರನ ಗರಿಷ್ಠ ವೇಗವನ್ನಲ್ಲ, ಅದರಲ್ಲಿ ಎಷ್ಟು ಪಾಲು ಇನ್ನೂ ಖರ್ಚಾಗದೆ ಉಳಿದಿದೆ ಎಂಬುದನ್ನು. ಗರಿಷ್ಠ ವೇಗ ಹುಟ್ಟುವುದು ಪಾದವು ನೆಲವನ್ನು ಮುಟ್ಟುವ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಅವಧಿಯಲ್ಲಿ ಎಷ್ಟು ಬಲವಾಗಿ ಒದೆಯಬಲ್ಲೆವು ಎಂಬುದರಿಂದ. ಅದಕ್ಕೆ ಬೇಗ ಸಂಕುಚಿಸುವ ಸ್ನಾಯುತಂತುಗಳ ದಂಡೇ ಬೇಕು, ಒಟ್ಟು ಸ್ನಾಯುವೂ ಹೆಚ್ಚಿರಬೇಕು. ದೂರದ ಓಟಗಾರನ ಸಣಕಲು ಕಾಲಿನಲ್ಲಿ ಇರುವುದು ಬಹುಪಾಲು ನಿಧಾನ ಸಂಕುಚಿಸುವ, ದಣಿಯದ ತಂತುಗಳು. ವಾರಕ್ಕೆ ನೂರಾರು ಕಿಲೋಮೀಟರ್ ಓಡಿ ಆತ ಪಡೆದ ಮಿತವ್ಯಯದ ದೇಹ ಸ್ಪ್ರಿಂಟರ್‌ನ ದೇಹಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ ಬೆಳೆದದ್ದು.

ಈ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್. 1960ರಲ್ಲಿ ರೋಮ್‌ನ 800 ಮೀಟರ್ ಫೈನಲ್‌ನಲ್ಲಿದ್ದವರ ಪೈಕಿ ಬರಿಯ ವೇಗದಲ್ಲಿ ತಮ್ಮ ಶಿಷ್ಯ ಪೀಟರ್ ಸ್ನೆಲ್ ಎಲ್ಲರಿಗಿಂತ ಹಿಂದಿದ್ದರೆಂಬುದು ಅವರ ವಾದ. ಆದರೂ ಮೂರು ದಿನಗಳಲ್ಲಿ ನಾಲ್ಕನೇ ಬಾರಿ 800 ಮೀಟರ್ ಓಡುತ್ತಿದ್ದ ಆ ಫೈನಲ್‌ನ ಕೊನೆಯ ಹೆಜ್ಜೆಗಳಲ್ಲಿ ಸ್ನೆಲ್ ವಿಶ್ವದಾಖಲೆಯ ಒಡೆಯ ರೋಜರ್ ಮೋಯೆನ್ಸ್‌ರನ್ನು ದಾಟಿದರು. ವಾರಕ್ಕೆ ನೂರು ಮೈಲಿ ಓಡಿಸಿ ಸ್ನೆಲ್‌ಗೆ ಲಿಡಿಯಾರ್ಡ್ ಕೊಟ್ಟದ್ದು ಹೊಸ ವೇಗವನ್ನಲ್ಲ. ಇದ್ದ ವೇಗವನ್ನು ಇತರರು ಕಳೆದುಕೊಂಡ ಹೊತ್ತಿನಲ್ಲೂ ಕೈಯಲ್ಲಿ ಉಳಿಸಿಕೊಳ್ಳುವ ಸಾಮರ್ಥ್ಯವನ್ನು. ಎರಡೇ ಸುತ್ತಿನ ಓಟದಲ್ಲೇ ಹೀಗಾದರೆ ಹನ್ನೆರಡೂವರೆ ಸುತ್ತಿನದರಲ್ಲಿ ಕೇಳಬೇಕೇ?

ಪರ ವಾದದವರು ಅಥೆನ್ಸ್ ಓಟವನ್ನು ನೆನಪಿಸಿದ್ದಾರೆ, ಅದರ ಹಿಂದಿನ ವರ್ಷದ ಪ್ಯಾರಿಸ್ ಓಟವನ್ನು ಮಾತ್ರ ಸುಮ್ಮನೆ ಬಿಟ್ಟಿದ್ದಾರೆ. 2003ರ ವಿಶ್ವ ಚಾಂಪಿಯನ್‌ಷಿಪ್‌ನ 5,000 ಮೀಟರ್ ಫೈನಲ್‌ನಲ್ಲಿಯೂ ಇದ್ದವರು ಅದೇ ಎಲ್ ಗೆರೂಜ್, ಅದೇ ಬೆಕೆಲೆ. ಜೊತೆಗೆ ಹದಿಹರೆಯದ ಎಲಿಯುಡ್ ಕಿಪ್‌ಚೋಗೆ. ಮುಂದೆ ಮ್ಯಾರಥಾನ್‌ಗೆ ಇನ್ನೊಂದು ಹೆಸರೇ ಎನ್ನುವಂತಾದ ಈ ಹುಡುಗ, ಕೊನೆಯ ನೇರ ಭಾಗದಲ್ಲಿ, 1,500 ಮೀಟರ್‌ನ ವಿಶ್ವದಾಖಲೆ ಇದ್ದ ಎಲ್ ಗೆರೂಜ್‌ರನ್ನು 0.04 ಸೆಕೆಂಡಿನಿಂದ ಸೋಲಿಸಿದ. ವೇಗವೇ ತೀರ್ಮಾನಿಸುವುದಾದರೆ ಆಗಬಾರದಿದ್ದ ಫಲಿತಾಂಶ ಇದು. ಪ್ಯಾರಿಸ್‌ನ ಸಮಯ 12 ನಿಮಿಷ 52.79 ಸೆಕೆಂಡು, ಅಥೆನ್ಸ್‌ನದು 13 ನಿಮಿಷ 14.39 ಸೆಕೆಂಡು. ಸುತ್ತಿಗೆ ಎರಡು ಸೆಕೆಂಡೂ ತುಂಬದ ಈ ವ್ಯತ್ಯಾಸದಲ್ಲೇ ಕತೆ ತಿರುಗಿದೆ ಎಂಬುದು ನನ್ನ ಓದು: ಓಟ ಬಿರುಸಾಗಿದ್ದಾಗ ವೇಗಿಯ ಮೀಸಲು ದಾರಿಯಲ್ಲೇ ಕರಗಿತು, ನಿಧಾನವಾಗಿದ್ದಾಗ ಕರಗದೆ ಕೊನೆಯವರೆಗೂ ಉಳಿಯಿತು. ಒಂದು ವರ್ಷದ ಅಂತರದಲ್ಲಿ ಯಾರ ಕಾಲಿಗೂ ಹೊಸ ವೇಗ ಮೊಳೆತಿರಲಿಲ್ಲ.

ಅಷ್ಟಕ್ಕೂ ವೇಗ ಪೂರ್ತಿ ಬೇಡ ಎಂದು ನಾನು ಹೇಳುತ್ತಿಲ್ಲ. ಯಾಕೋಬ್ ಇಂಗೆಬ್ರಿಗ್ಟ್‌ಸೆನ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 1,500 ಮೀಟರ್‌ನಲ್ಲಿ ಮುಂದಿದ್ದುಕೊಂಡು ಓಡಿ, ಕೋಲ್ ಹಾಕರ್ ಸೇರಿದಂತೆ ಮೂವರಿಗೆ ದಾರಿ ಬಿಟ್ಟು, ನಾಲ್ಕನೆಯವರಾದುದು ನಿಜ. ಆದರೆ ಅವರೇ ಮೊದಲ ಸುತ್ತನ್ನು 55 ಸೆಕೆಂಡಿನೊಳಗೆ ಓಡಿ ತಮ್ಮ ಬೊಕ್ಕಸವನ್ನು ತಾವೇ ಬರಿದು ಮಾಡಿಕೊಂಡಿದ್ದರು. ಕೆಲವೇ ದಿನಗಳಲ್ಲಿ 5,000 ಮೀಟರ್‌ನಲ್ಲಿ ಅದೇ ಕಾಲುಗಳು ಕೊನೆಯ ಸುತ್ತಿನಲ್ಲಿ ಎಲ್ಲರನ್ನೂ ಹಿಂದೆ ಬಿಟ್ಟು ಚಿನ್ನ ತಂದವು. 1,500 ಮೀಟರ್‌ಗೆ ಸಾಲದ ವೇಗ 5,000ಕ್ಕೆ ಸಾಕಾಯಿತು.

ಹಾಗೆಯೇ ಸಿಫಾನ್ ಹಸನ್. ಮ್ಯಾರಥಾನ್‌ನ ಕೊನೆಯ ತಿರುವನ್ನಷ್ಟೇ ತೋರಿಸಿ ಪರ ವಾದ ಮುಗಿದಿದೆ. ಆ ವಾರದ ಉಳಿದ ಓಟಗಳನ್ನೂ ನೋಡಬೇಕಿತ್ತು. ಆಗಸ್ಟ್ 5ರಂದು 5,000 ಮೀಟರ್ ಫೈನಲ್‌ನಲ್ಲಿ ಬಿಯಾಟ್ರಿಸ್ ಚೆಬೆಟ್‌ರ ಕೊನೆಯ ಓಟಕ್ಕೆ ಹಸನ್ ಸಾಟಿಯಾಗದೆ ಸುಮಾರು ಎರಡು ಸೆಕೆಂಡು ಹಿಂದುಳಿದು ಕಂಚು ಪಡೆದರು. ಆಗಸ್ಟ್ 9ರಂದು 10,000 ಮೀಟರ್‌ನಲ್ಲಿ ಮತ್ತೆ ಚೆಬೆಟ್‌ಗೆ ಸೋತರು, ಮತ್ತೆ ಕಂಚು. ಅಂತರ ಮಾತ್ರ ಒಂದು ಸೆಕೆಂಡಿಗೂ ಕೆಳಗಿಳಿದಿತ್ತು. ಆಗಸ್ಟ್ 11ರ ಬೆಳಿಗ್ಗೆ ಮ್ಯಾರಥಾನ್‌ನಲ್ಲಿ ಮೂರು ಸೆಕೆಂಡಿನಿಂದ ಗೆದ್ದರು. ಅದೇ ಹೆಂಗಸು, ಅದೇ ಕಾಲುಗಳು, ಓಟದಿಂದ ಓಟಕ್ಕೆ ಹೆಚ್ಚುತ್ತಲೇ ಹೋದ ದಣಿವು. ಆದರೂ ದೂರ ಉದ್ದವಾದಂತೆಲ್ಲ ಆಕೆಯ ಸ್ಪ್ರಿಂಟ್ ಉತ್ತಮವಾಗುತ್ತ ಹೋಯಿತು ಎಂದೇ ಪರ ವಾದದ ಲೆಕ್ಕದಲ್ಲಿ ಬರೆದುಕೊಳ್ಳಬೇಕಾಗುತ್ತದೆ.