ಹಸಿರು ಚುಕ್ಕಿ ನಂಬಿದರೆ ಸಾಕಾ?

ಹಾಸನದ ಬಿ.ಎಂ. ರಸ್ತೆಯ ಅಂಗಡಿಯಲ್ಲಿ ಲಿಪ್‌ಸ್ಟಿಕ್ ಡಬ್ಬಿ ಮೇಲಿದ್ದದ್ದನ್ನು ಓದೋಕೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಬೇಕಾಯಿತು. ಸಾಸಿವೆಗಿಂತ ಸಣ್ಣ ಅಕ್ಷರ! 'ಸಿಐ 75470' ಅಂತಿತ್ತು. ಅಂದರೆ ಕಾರ್ಮೈನ್, ಕೊಚಿನೀಲ್ ಹುಳು ಒಣಗಿಸಿ ತೆಗೆಯುವ ಕೆಂಪು ಬಣ್ಣ. ಹುಳು ಅಂತ ನೇರವಾಗಿ ಬರೆಯೋಕೇನು ಕಷ್ಟ? "ಅಷ್ಟೆಲ್ಲಾ ಯಾರು ನೋಡ್ತಾರೆ ಮೇಡಂ" ಅಂತ ಅಂಗಡಿಯವರ ನಗು ಬೇರೆ. ನಾನು ನೋಡುತ್ತೇನಲ್ಲ!

ತಿಂಡಿ ಪೊಟ್ಟಣದ ಹಸಿರು ಚುಕ್ಕಿ ನೋಡಿ ನೆಮ್ಮದಿಯಾಗಿರೋ ಹಾಗೂ ಇಲ್ಲ. ಮಿಠಾಯಿಗೆ ಹೊಳಪು ಕೊಡುವ 904 ಅಂದರೆ ಶೆಲಾಕ್, ಅರಗಿನ ಹುಳು ಒಸರುವ ಅಂಟು. ನಿಯಮದಲ್ಲೇ ಅದನ್ನೂ ಜೇನುಮೇಣವನ್ನೂ ಮಾಂಸಾಹಾರದ ಲೆಕ್ಕದಿಂದ ಹೊರಗಿಟ್ಟಿದ್ದಾರೆ. ಇನ್ನು ಕ್ಯಾಪ್ಸೂಲ್ ಚಿಪ್ಪು ಹೆಚ್ಚಾಗಿ ಜೆಲಟಿನ್, ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದದ್ದು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ನಮ್ಮತ್ತೆ ಅದನ್ನು ದಿನಾ ನುಂಗುತ್ತಾರೆ. ಅವರಿಗೆ ಹೇಳೋಷ್ಟು ಧೈರ್ಯ ನನಗಂತೂ ಇಲ್ಲ.